ಸೀರೆ ಅಂಗಡಿಯ ಸೋಮವ್ವ ಬಿಡಿಸಿದ ಮೂರು ಒಗಟು

"ಕೇಳ್ರಪ್ಪೋ ಕೇಳ್ರಿ! ಹೇಮಗಿರಿಯ ದೊರೆ ಧವಳಸೇನ ಮಹಾರಾಜರ ಅಪ್ಪಣೆ! ರಾಜಕುಮಾರಿ ಮಾಣಿಕ್ಯದೇವಿಯವರ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ರಾಜಕುಮಾರಿಯ ಕೈ ಹಿಡಿಯುತ್ತೇನೆಂದರೂ ಸರಿ. ಒಂದೇ ಒಂದು ತಪ್ಪಿದರೂ ಸೆರೆ, ಅಮಾವಾಸ್ಯೆಗೆ ತಲೆದಂಡ!"

ಡಂಗುರ ಪೇಟೆ ಬೀದಿಗೆ ಬಂದಾಗ ಬೀರೇಶ ಬಂಡಿಯಿಂದ ಬಟ್ಟೆ ಗಂಟು ಇಳಿಸುತ್ತಿದ್ದ. ಗಂಟನ್ನು ಅಲ್ಲೇ ಬಿಟ್ಟು ಕೋಟೆಯ ಕಡೆ ಹೊರಟವನು ತಿರುಗಿ ಬರಲಿಲ್ಲ. ಮೊದಲ ಒಗಟಿಗೇ ತಪ್ಪಿ ಸೆರೆ ಸೇರಿದನೆಂದು ಸಂಜೆ ಸುದ್ದಿ ಬಂತು.

ಅವನ ಅಕ್ಕ ಸೋಮವ್ವ ಅಡಿವೆಪ್ಪ ಸಾಹುಕಾರರ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುವ ಕೆಲಸದಲ್ಲಿದ್ದಳು. ಅಪ್ಪ ಅಮ್ಮ ಇಲ್ಲದ ಬೀರೇಶನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅಮಾವಾಸ್ಯೆ ಹತ್ತಿರವಾದಂತೆಲ್ಲ ಅವಳ ಕೈ ಹಿಡಿತ ತಪ್ಪಿತು. ಹಸಿರು ಕೇಳಿದವರಿಗೆ ನೀಲಿ ಬಿಚ್ಚುವಳು, ಸೆರಗನ್ನು ಒಳಗೆ ಹಾಕಿ ಮಡಿಸುವಳು. ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಸಾಹುಕಾರರ ಎದುರು ಬಂದು ನಿಂತಳು.

"ನಾನೂ ಕೋಟೆಗೆ ಹೋಗ್ತೀನಿ, ಸಾಹುಕಾರ್ರೇ."

"ಹುಚ್ಚಿಯೇನೇ? ಒಂದು ತಲೆ ಹೋಗೋ ಕಡೆ ಎರಡು ಹೋಗುತ್ತೆ."

"ಗೆದ್ದರೆ ತಮ್ಮನ ಜೀವ ಕೇಳ್ತೀನಿ. ಇಲ್ಲೇ ಸೀರೆ ಮಡಿಸ್ತಾ ಕೂತರೆ ನಾಳೆ ಅವನ ತಲೆ ಉರುಳೋದನ್ನ ನೋಡಬೇಕು. ಅದು ನನ್ನಿಂದಾಗಲ್ಲ."

ಸಾಹುಕಾರರು ಅವಳು ಬಿಚ್ಚಿಟ್ಟಿದ್ದ ಸೀರೆಯನ್ನು ತಾವೇ ಮಡಿಸತೊಡಗಿದರು.

ಆಸ್ಥಾನದಲ್ಲಿ ಅವಳ ಮುಂದೆ ಇಬ್ಬರು ನಿಂತಿದ್ದರು, ಪಕ್ಕದ ರಾಜ್ಯದ ಯುವರಾಜ ಮತ್ತು ಮುತ್ತಿನ ವ್ಯಾಪಾರಿಯ ಮಗ. ನೀರಿನ ಕೊಪ್ಪರಿಗೆಯಲ್ಲಿ ತಳಕ್ಕೆ ತೂತಿರುವ ತಾಮ್ರದ ಬಟ್ಟಲನ್ನು ತೇಲಿಬಿಟ್ಟಿದ್ದರು. ಅದು ಮುಳುಗುವುದರೊಳಗೆ ಉತ್ತರ ಹೇಳಬೇಕು.

ಮಾಣಿಕ್ಯದೇವಿ ಯಾರನ್ನೂ ನೋಡದೆ ಕೇಳಿದಳು: "ಸಾವಿರಾರು ಮುಖ ಕಂಡಿದ್ದೇನೆ, ಒಂದನ್ನೂ ನೆನಪಿಟ್ಟುಕೊಂಡಿಲ್ಲ. ಸುಳ್ಳು ಹೇಳುವ ಜಾತಿಯಲ್ಲ, ಆದರೂ ಎದುರಿಗಿದ್ದವರ ಬಲಗೈಯನ್ನು ಎಡಗೈ ಮಾಡಿಬಿಡುತ್ತೇನೆ. ನಾನು ಯಾರು?"

"ಸೂರ್ಯ!" ಎಂದ ಯುವರಾಜ. ಭಟರು ಅವನ ರೆಟ್ಟೆ ಹಿಡಿದರು.

ವ್ಯಾಪಾರಿಯ ಮಗ ತುಟಿ ಒರೆಸಿಕೊಂಡ. "ಸಾವು... ಅಲ್ಲ, ಅಲ್ಲ, ಕಾಲ!" ಅವನನ್ನೂ ಎಳೆದೊಯ್ದರು. ಅವನ ಒಂದು ಚಪ್ಪಲಿ ಸೋಮವ್ವನ ಕಾಲ ಬಳಿಯೇ ಉಳಿಯಿತು.

ಅವಳು ಒಗಟನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು. ಬಲಗೈ, ಎಡಗೈ. ಹೊಸ ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡು ಹೆಂಗಸರು ನೋಡಿಕೊಳ್ಳುವುದು ಕಣ್ಣಮುಂದೆ ಬಂತು.

"ಕನ್ನಡಿ, ತಾಯಿ."

ರಾಜಕುಮಾರಿ ತಲೆಯೆತ್ತಿದಳು. ಬಟ್ಟಲನ್ನು ಬರಿದುಮಾಡಿ ಮತ್ತೆ ತೇಲಿಬಿಟ್ಟರು.

"ಎಲ್ಲರೂ ನನ್ನನ್ನು ದಾಟುತ್ತಾರೆ, ಯಾರೂ ನನ್ನ ಮೇಲೆ ನಿಲ್ಲುವುದಿಲ್ಲ. ಒಳಗಿನವರಿಗೆ ಮನೆ ನನ್ನಲ್ಲಿ ಮುಗಿಯುತ್ತದೆ, ಹೊರಗಿನವರಿಗೆ ನನ್ನಿಂದಲೇ ಶುರುವಾಗುತ್ತದೆ."

ನದಿ ಎನ್ನಲು ಬಾಯಿ ತೆರೆದವಳು ತಡೆದಳು. ನದಿಗೆಲ್ಲಿಯ ಒಳಗೆ, ಹೊರಗೆ? ಬಟ್ಟಲು ಅರ್ಧ ಇಳಿದಿತ್ತು. ಒಳಗೆ ಬರಲೋ ಬೇಡವೋ ಎಂದು ಅಂಗಡಿಯ ಬಾಗಿಲಲ್ಲೇ ಅನುಮಾನಿಸುವ ಹೆಂಗಸರು ನೆನಪಾದರು.

"ಹೊಸ್ತಿಲು!" ಉತ್ತರ ಸರಿಯಿತ್ತು.

ಮೂರನೆಯದನ್ನು ಕೇಳುವಾಗ ಮಾಣಿಕ್ಯದೇವಿಯ ದನಿಯೇ ಇಳಿಯಿತು. "ನಾನು ಬಾಯಿಬಿಡುವ ಮೊದಲೇ ಮುತ್ತಿನ ಹಾರ ಬರುತ್ತದೆ, ಪಟ್ಟೆ ಸೀರೆ ಬರುತ್ತದೆ. ಒಂದನ್ನು ಮಾತ್ರ ಈವರೆಗೆ ಯಾರೂ ಕೊಟ್ಟಿಲ್ಲ. ಅದಕ್ಕೆ ತೂಕವಿಲ್ಲ, ಬೆಲೆಯಿಲ್ಲ. ಎದುರಿನವರು ಬಾಯಿಬಿಟ್ಟು ಕೇಳಿದರೆ ಸಾಕು, ಕೊಟ್ಟಂತೆಯೇ. ಅದೇನು?"

ಪ್ರೀತಿಯೇ? ಅದನ್ನು ಕೇಳಿದರೆ ಕೊಟ್ಟಂತಾಗುವುದು ಹೇಗೆ? ಮಗುವೇ? ಹರಕೆಯೇ? ಬಟ್ಟಲಿಗೆ ನೀರು ನುಗ್ಗುವ ಸದ್ದು ಕಿವಿಯೊಳಗೇ ಆದಂತಾಯಿತು. ಬೀರೇಶನ ಮುಖ ಬಿಟ್ಟು ಬೇರೇನೂ ಹೊಳೆಯದೆ ಅವಳು ರಾಜಕುಮಾರಿಯನ್ನೇ ನೋಡಿದಳು. ಮೈತುಂಬ ಗಟ್ಟಿ ಜರಿಯ ಕೆಂಪು ಪಟ್ಟೆ ಸೀರೆ. ಕುತ್ತಿಗೆಗೆ ಒತ್ತುವ ಅದರ ಅಂಚನ್ನು ಆಕೆ ಮತ್ತೆ ಮತ್ತೆ ಸರಿಸಿಕೊಳ್ಳುತ್ತಿದ್ದಳು. ಅದು ಆಕೆ ಆರಿಸಿದ ಸೀರೆಯಲ್ಲ ಎಂದು ಸೋಮವ್ವನಿಗೆ ಅನ್ನಿಸಿತು.

"ತಾಯಿ, ನಿಮಗೇನು ಬೇಕು?"

"ಉತ್ತರ ಹೇಳು ಅಂದರೆ ಎದುರು ಪ್ರಶ್ನೆ ಕೇಳ್ತೀಯಾ?" ದೊರೆ ಗುಡುಗಿದ. ಭಟರು ಮುಂದೆ ಬಂದರು. ಅದೇ ಹೊತ್ತಿಗೆ ಬಟ್ಟಲು ಗುಳುಕ್ಕೆಂದು ಮುಳುಗಿತು.

"ನಾನು ಕೇಳಿದ ಪ್ರಶ್ನೆಯೇ ಉತ್ತರ, ಮಹಾಸ್ವಾಮಿ," ಸೋಮವ್ವ ಕೈಮುಗಿದಳು. "ಅಂಗಡಿಗೆ ಮದುವೆ ಜವಳಿಗೆ ಬರ್ತಾರೆ. ಅತ್ತೆ ಒಂದು ಆರಿಸ್ತಾರೆ, ಸೋದರತ್ತೆ ಇನ್ನೊಂದು. ಉಡೋಳು ಮೂಲೆಯಲ್ಲಿ ಸುಮ್ಮನೆ ಕೂತಿರ್ತಾಳೆ. ನಿನಗೇನು ಬೇಕವ್ವ ಅಂತ ಕೇಳಿದರೆ ಕೆಲವರು ಅತ್ತೇಬಿಡ್ತಾರೆ. ಹಾಗೆ ಕೇಳೋದನ್ನೇ ಯಾರೂ ಇವರಿಗೆ ಕೊಟ್ಟಿಲ್ಲ ಅನ್ನಿಸ್ತು."

ಮಾಣಿಕ್ಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸರಿಯಾದ ಉತ್ತರ, ಅಪ್ಪಾಜಿ. ನನಗೇನು ಬೇಕು ಅಂತ ಈಗ ಹೇಳ್ತೀನಿ. ತಲೆದಂಡ ನೀವು ಸೇರಿಸಿದ್ದು, ನಾನಲ್ಲ. ನನ್ನ ಮದುವೆಯ ಹೆಸರಲ್ಲಿ ಒಂದು ತಲೆಯೂ ಬೀಳಬಾರದು. ಸೆರೆಯಲ್ಲಿರೋರನ್ನೆಲ್ಲ ಬಿಡಿ. ಮದುವೆ ನನಗೆ ಬೇಕೆನ್ನಿಸಿದಾಗ ಆಗಲಿ."

ಧವಳಸೇನ ಮಗಳ ಮುಖ ನೋಡಿ ಸೆರೆಮನೆಯ ಕೀಲಿ ತರಿಸಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದ ಬೀರೇಶನ ಕೆನ್ನೆಗೆ ಸೋಮವ್ವ ಮೊದಲು ಒಂದು ಬಿಟ್ಟಳು, ಆಮೇಲೆ ತಬ್ಬಿಕೊಂಡು ಅತ್ತಳು.

"ನಿನ್ನ ವರ ಇನ್ನೂ ಬಾಕಿ ಇದೆ," ಎಂದ ದೊರೆ.

ತಮ್ಮನ ಜೀವ ಬಿಟ್ಟು ಬೇರೇನನ್ನೂ ಅವಳು ಯೋಚಿಸಿಯೇ ಇರಲಿಲ್ಲ. ನಿಂತೂ ನಿಂತೂ ಕಾಲು ಜೋಮು ಹಿಡಿದಿತ್ತು.

"ಪೇಟೆಯ ಅಂಗಡಿಗಳಲ್ಲಿ ದುಡಿಯೋರು ಬೆಳಗಿಂದ ಕತ್ತಲಾಗೋವರೆಗೆ ನಿಂತೇ ಇರ್ತೀವಿ, ಮಹಾಸ್ವಾಮಿ. ಗಿರಾಕಿ ಇಲ್ಲದಾಗ ಕೂರೋಕೆ ಒಂದೊಂದು ಮಣೆ ಹಾಕಿಸಬೇಕು."

ಡಂಗುರದವನು ಮತ್ತೆ ಪೇಟೆಗೆ ಹೋದ. ಮಣೆಗಳು ಬಂದವು. ದೊರೆ ತಾನಾಗಿಯೇ ಸೋಮವ್ವನಿಗೆ ರಾಜಬೀದಿಯಲ್ಲಿ ಒಂದು ಸೀರೆ ಅಂಗಡಿಯನ್ನೂ ಹಾಕಿಕೊಟ್ಟ.

ಕೆಲವು ವರ್ಷ ಕಳೆದ ಮೇಲೆ ಮಾಣಿಕ್ಯದೇವಿ ಮನಸ್ಸಿಗೆ ಬಂದವನನ್ನು ಒಪ್ಪಿ, ಮದುವೆ ಸೀರೆಗೆಂದು ಆ ಅಂಗಡಿಗೇ ಬಂದಳು. ಇಡೀ ಮಧ್ಯಾಹ್ನ ಬಿಚ್ಚಿಸಿ ನೋಡಿ, ಒಂದೂ ಹಿಡಿಸದೆ ಎದ್ದು ಹೋದಳು. ಸೋಮವ್ವ ನಕ್ಕು ಅಷ್ಟನ್ನೂ ಮತ್ತೆ ಮಡಿಸಿಟ್ಟಳು. ಮಾರನೆಯ ದಿನ ರಾಜಕುಮಾರಿ ಮತ್ತೆ ಬಂದಳು.