ಪಿಕಪ್ಪಿನಲ್ಲಿ ಬಂದ ಮದುವೆ ಸೌದೆ

ಪಟೇಲ್ ಪುಟ್ಟಸ್ವಾಮಪ್ಪನವರ ಮಗಳ ಮದುವೆ ಅಡುಗೆಗೆ ತೋಪಿನಿಂದ ಸೌದೆ ತರಬೇಕಿತ್ತು. ಮನೆಯ ಹಳೇ ಟ್ರ್ಯಾಕ್ಟರ್ ಟ್ರೈಲರಿಗಾದರೆ ಒಂದೇ ಲೋಡು, ಪಿಕಪ್ಪಿಗೆ ಐದು. ಆದರೆ ಪಟೇಲರಿಗೆ ಮೊನ್ನೆ ಕೊಂಡ ಪಿಕಪ್ಪನ್ನು ಊರಿಗೆಲ್ಲ ತೋರಿಸಬೇಕು.

"ಅದರಲ್ಲೇ ತುಂಬು. ಪೂಜೆ ಹಾರ ತೆಗೀಬೇಡ. ಡ್ರೈವರ್ ಪಕ್ಕ ನಾನೇ ಕೂರ್ತೀನಿ," ಎಂದರು.

ಐದು ಸಲ ತುಂಬಿ ಐದು ಸಲ ಇಳಿಸಬೇಕಾದವನು ಆಳು ದ್ಯಾವಯ್ಯ. ಅವನ ಸೊಂಟ ಆಗಲೇ ಬಿದ್ದುಹೋಗಿತ್ತು. ವಾದ ಮಾಡಲೂ ತ್ರಾಣವಿರಲಿಲ್ಲ. ಮೊದಲ ಲೋಡು ತುಂಬಿದವನೇ ಸೌದೆಯ ಮೇಲೆ ಹತ್ತಿ ಕೂತ. ತಲೆ ಮೇಲೆ ಟವೆಲ್ ಹೊದ್ದು ಸುಮ್ಮನೆ ಕೆಳಗೆ ನೋಡತೊಡಗಿದ.

ಹಾರ ಹಾಕಿದ ಗಾಡಿ, ಹಿಂದೆ ಸೌದೆ, ಮುಂದೆ ಗತ್ತಿನಲ್ಲಿ ಮುಖ ಬಿಗಿದ ಪಟೇಲರು. ಟೀ ಅಂಗಡಿಯಲ್ಲಿದ್ದವರು ಎದ್ದು, ಚಪ್ಪಲಿ ಬಿಟ್ಟು ಕೈಮುಗಿದರು. ಪಟೇಲರು ಹಿಗ್ಗಿ ತಾವೂ ಕೈಮುಗಿದರು. ಕ್ಷೌರದಂಗಡಿಯವನು ಬಾಗಿಲು ಎಳೆದ. ಪಟೇಲರು ಅವನಿಗೂ ಕೈಮುಗಿದರು.

ಅರಳಿಕಟ್ಟೆ ಹತ್ತಿರ ಮುದುಕರೊಬ್ಬರು ಗಾಡಿ ನಿಲ್ಲಿಸಿದರು. "ಮದುವೆ ಮನೇಲಿ ಹಿಂಗಾಗಬಾರದಿತ್ತು ಪಟೇಲ್ರೆ. ಎಷ್ಟೊತ್ತಿಗೆ ಎತ್ತೋದು?"

"ಏನನ್ನ ಎತ್ತೋದು?"

ಮುದುಕರು ದ್ಯಾವಯ್ಯನ ಕಡೆ ತಿರುಗಿದರು. "ಯಾರಪ್ಪಾ ಹೋಗಿದ್ದು?"

ದ್ಯಾವಯ್ಯ ನಿಟ್ಟುಸಿರು ಬಿಟ್ಟ. "ಸದ್ಯಕ್ಕೆ ಯಾರೂ ಹೋಗಿಲ್ಲ ಅಜ್ಜ. ಇನ್ನೂ ನಾಲ್ಕು ಲೋಡಿದೆ. ಅಷ್ಟರಲ್ಲಿ ನಾನು ಹೋಗ್ತೀನಿ."

ಪಟೇಲರು ದಡಬಡನೆ ಇಳಿದು ತಮ್ಮ ಕೈಯಾರೆ ಹಾರ ಕಿತ್ತರು. ಉಳಿದ ಸೌದೆ ಟ್ರೈಲರಿನಲ್ಲಿ ಒಂದೇ ಸಲಕ್ಕೆ ಬಂತು. ಪಟೇಲರು ಮಾತ್ರ ಬಂದ ದಾರಿಯಲ್ಲೇ ನಡೆದು ಹೋಗಿ, ಅಂಗಡಿ ಅಂಗಡಿಗೂ "ನಮ್ಮನೇಲಿ ಎಲ್ಲರೂ ಚೆನ್ನಾಗಿದ್ದಾರೆ" ಎಂದು ಹೇಳಿ ಬರಬೇಕಾಯಿತು.