ತೊಟ್ಟಿಲು ಕಟ್ಟುವ ತೊಲೆ

"ಗುರುಗಳೇ, ಒಪ್ಪವಾಗಿ ಕಾಣಿಸಿಕೊಳ್ಳುವುದಕ್ಕೂ ಮೋಸ ಮಾಡುವುದಕ್ಕೂ ನಡುವಿನ ಗೆರೆ ಎಲ್ಲಿದೆ?"

ಕೇಳಿದವನು ಸಂಗಯ್ಯನೆಂಬ ಶಿಷ್ಯ. ಪಕ್ಕದ ಸೀಮೆಯ ಒಂದು ಮಠದಲ್ಲಿ ಸ್ವಾಮಿಗಳಿರಲಿಲ್ಲ. ಆ ಪೀಠಕ್ಕೆ ಸಂಗಯ್ಯ ತಕ್ಕವನೇ ಎಂದು ನೋಡಿ ಹೋಗಲು ಅಲ್ಲಿಯ ಹಿರಿಯರು ಮರುದಿನ ಬರುವವರಿದ್ದರು. ಅವನು ಬೆಳಗಿನಿಂದ ಬಟ್ಟೆ ಮಡಿ ಮಾಡಿಕೊಂಡು, ಹೇಳಬೇಕಾದ ವಚನಗಳನ್ನು ಮತ್ತೆ ಮತ್ತೆ ಹೇಳಿಕೊಂಡು, ಕೊನೆಗೆ ಈ ಪ್ರಶ್ನೆ ಹೊತ್ತು ಬಂದಿದ್ದ.

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಡಕೆ ವ್ಯಾಪಾರಿ ಇದ್ದ. ಊರು ಗುಡ್ಡದ ಮೈಗೆ ಅಂಟಿಕೊಂಡಿತ್ತು. ಅವನ ಅಂಗಡಿ ಕೆಳಗೆ ಪೇಟೆಯಲ್ಲಿ, ಮನೆ ಮೇಲೆ ಗುಡ್ಡದ ನೆತ್ತಿಯಲ್ಲಿ. ನಡುವೆ ಕಲ್ಲಿನ ಮೆಟ್ಟಿಲುಗಳು. ಮಕ್ಕಳಿಲ್ಲದ ಮನೆ, ಗಂಡಹೆಂಡಿರು ಇಬ್ಬರೇ. ಹೆಂಡತಿಗೆ ಮಂಡಿನೋವು ಹಿಡಿಯಿತು. ಮೆಟ್ಟಿಲು ಇಳಿಯುವುದು ಮೊದಲು ಕಷ್ಟವಾಯಿತು, ಆಮೇಲೆ ಆಗದೇ ಹೋಯಿತು. ಸಂತೆ ತಪ್ಪಿತು, ನೆಂಟರಿಷ್ಟರ ಮದುವೆಗಳು ತಪ್ಪಿದವು. ಒಡಹುಟ್ಟಿದ ತಂಗಿ ಕೆಳಗಿನ ಬೀದಿಯಲ್ಲೇ ಇದ್ದಳು. ಅವಳು ಹತ್ತಿ ಬಂದರೆ ಮುಖ ಕಾಣುವುದು, ಇಲ್ಲದಿದ್ದರೆ ಇಲ್ಲ. ಹೆಂಡತಿಯ ಲೋಕವೆಲ್ಲ ಪಡಸಾಲೆಯ ಒಂದು ಮಂಚಕ್ಕೆ ಬಂದು ನಿಂತಿತು. ಅವಳು ಅದನ್ನು ಹೇಳಿಕೊಂಡು ಅತ್ತವಳಲ್ಲ. ಗಂಡ ಅಂಗಡಿಯಿಂದ ಬಂದ ಕೂಡಲೇ ಕೆಳಗೆ ಏನೇನಾಯಿತು ಎಂದು ಮಾತ್ರ ಕೇಳುತ್ತಿದ್ದಳು. ಅವನು ಒಂದನ್ನೂ ಬಿಡದೆ ಹೇಳುತ್ತಿದ್ದ.

ಒಂದು ದಿನ ತಂಗಿಯ ಮನೆಯ ಮಗ್ಗುಲಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕೆ ಬಂತು. ಬೀದಿಗೆ ಸಮವಾದ ಹೊಸ್ತಿಲು, ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಯುಗಾದಿಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮನೆಯವನು ಮಾತು ಕೊಟ್ಟ. ಆದರೆ ಮೇಲಿನ ಮನೆ ಹೋಗದೆ ಕೆಳಗಿನ ಮನೆ ಬರುವಂತಿರಲಿಲ್ಲ.

ವ್ಯಾಪಾರಿ ಒಬ್ಬ ದಲ್ಲಾಳಿಗೆ ಹೇಳಿದ. ಜನ ಬಂದರು, ಬಾಗಿಲಲ್ಲೇ ನಿಂತು ನೋಡಿದರು, ಆಗಲಿ ಎಂದು ಹೊರಟುಹೋದರು. ದಲ್ಲಾಳಿ ಒಳಗೊಮ್ಮೆ ತಿರುಗಾಡಿ ಬಂದು, ಇಲ್ಲಿ ಮಡಕೆಗಳು ಕಾಣುತ್ತವೆ, ಮನೆ ಕಾಣುವುದಿಲ್ಲ ಎಂದ. ಅದು ನಿಜವಾಗಿತ್ತು. ಮಾರಾಟವಾಗದ ಮಡಕೆ, ಬಾಯಿ ಒಡೆದ ಗಡಿಗೆ, ಒಂದರ ಮೇಲೊಂದು ಪೇರಿಸಿದ ಹರವಿಗಳು ಕಿಟಕಿಯ ಎತ್ತರಕ್ಕೆ ಬೆಳೆದಿದ್ದವು.

ಗಂಡಹೆಂಡಿರು ಮನೆಯನ್ನು ಅಣಿಮಾಡಲು ತೊಡಗಿದರು. ಅವನು ಮಡಕೆಗಳನ್ನೆಲ್ಲ ಅಂಗಡಿಗೆ ಸಾಗಿಸಿದ. ಮಳೆ ಬೀಳದಂತೆ ಬೆಳಕಿಂಡಿಯ ಮೇಲೆ ಎಂದೋ ಕವುಚಿದ್ದ ಬಾನಿಯನ್ನು ತೆಗೆದ. ಪಡಸಾಲೆಯ ನಡುವೆ ಬಿಸಿಲು ಬಂದು ಬಿತ್ತು. ಹೆಂಡತಿ ಮಂಚದ ಮೇಲೆ ಕುಳಿತೇ ಇಲ್ಲಿ ಒರೆಸಿ, ಅಲ್ಲಿ ಸಾರಿಸಿ ಎಂದು ಹೇಳುತ್ತಿದ್ದಳು. ಹೊಸ್ತಿಲಿಗೆ ಕೆಮ್ಮಣ್ಣು, ಗೋಡೆಗೆ ಸುಣ್ಣ, ಬಾಗಿಲಿಗೆ ಎಣ್ಣೆ. ಬಂದವರನ್ನು ಮರುಳು ಮಾಡುವ ಕೆಲಸ ಇದಲ್ಲವೇ ಎಂದು ಅವನಿಗೊಮ್ಮೆ ಅನುಮಾನ ಬಂತು. ಮುಖ ತೊಳೆದುಕೊಂಡು ನೆಂಟರ ಎದುರು ಬಂದರೆ ಅದು ಮೋಸವೇ ಎಂದು ಹೆಂಡತಿ ಕೇಳಿದಳು. ಅವನಿಗೆ ಸಮಾಧಾನವಾಯಿತು. ಹಾಗೆ ನೋಡಿದರೆ ಆ ಮನೆ ಇಷ್ಟು ಚೆನ್ನಾಗಿದೆಯೆಂದು ಅವರಿಗೇ ಅಷ್ಟು ವರ್ಷ ಗೊತ್ತಿರಲಿಲ್ಲ.

ಕೊನೆಗೆ ಉಳಿದದ್ದು ಮೇಲಿನ ಜೇಡರಬಲೆ. ಹೆಂಡತಿ ಹಿತ್ತಿಲ ಕಡೆ ಹೋಗಿ ಕುಳಿತಿದ್ದಾಗ ಅವನು ಏಣಿ ಹತ್ತಿದ. ಪಡಸಾಲೆಗೆ ಅಡ್ಡಲಾಗಿ ಒಂದು ದಪ್ಪ ತೊಲೆ ಇತ್ತು. ಸೂರಿಗೆ ಹಾಸಿದ ಮಾಳಿಗೆಯ ಮಣ್ಣೆಲ್ಲ ಅದರ ಮೇಲೇ ನಿಂತಿತ್ತು. ತೊಟ್ಟಿಲು ಕಟ್ಟಲೆಂದು ಹಿಂದಿನವರು ಅದಕ್ಕೆ ಎರಡು ಕಬ್ಬಿಣದ ಬಳೆ ಹೊಡೆದಿದ್ದರು. ಧೂಳು ಕೊಡವುವಾಗ ಅವನ ಗೆಣ್ಣು ತೊಲೆಗೆ ತಾಗಿತು. ಮಡಕೆಯನ್ನು ಬಡಿದು ಸದ್ದು ಕೇಳಿ ಬಾಳಿದವನು ಅವನು. ಕಿವಿಗೆ ಕೂಡಲೇ ತಿಳಿಯಿತು. ಇನ್ನೊಮ್ಮೆ ಬಡಿದ. ಟೊಳ್ಳು. ಒಂದು ಸಂದಿನಿಂದ ಕಂದು ಹುಡಿ ಉದುರಿತು. ಗೆದ್ದಲು ಒಳಗಿನಿಂದ ತಿಂದಿತ್ತು.

ತೊಲೆ ಬದಲಿಸಬೇಕೆಂದರೆ ಮಾಳಿಗೆಯ ಮಣ್ಣೆಲ್ಲ ಇಳಿಸಬೇಕು. ಅಷ್ಟರಲ್ಲಿ ಯುಗಾದಿ ಬಂದು ಹೋಗುತ್ತದೆ. ಅವನು ಏಣಿಯ ಮೇಲೆಯೇ ಬಹಳ ಹೊತ್ತು ನಿಂತಿದ್ದ. ಆಮೇಲೆ ಇಳಿದು ಮೇಣಕ್ಕೆ ಮರದ ಹೊಟ್ಟು ಬೆರೆಸಿ ತಂದ. ಸಂದುಗಳನ್ನು ತುಂಬಿದ, ಮೇಲೆ ಎಣ್ಣೆ ಮಸಿ ತಿಕ್ಕಿದ. ತೊಲೆ ಕನ್ನಡಿಯ ಹಾಗೆ ಹೊಳೆಯಿತು. ಈ ಕೆಲಸವೊಂದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಅಂದಿನಿಂದ ಅನ್ನ ರುಚಿಸಲಿಲ್ಲ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದ.

ಸ್ವಲ್ಪ ದಿನಕ್ಕೆ ದಲ್ಲಾಳಿ ಒಬ್ಬ ಗಾಣಿಗನನ್ನು ಕರೆತಂದ. ಜೊತೆಗೆ ಗಾಣಿಗನ ಹೆಂಡತಿ, ಚೊಚ್ಚಲ ಬಸುರಿ ಮಗಳು. ಗಾಣದ ಸದ್ದು ಕೇಳಿಸದ, ಗಾಳಿ ಆಡುವ ಜಾಗದಲ್ಲಿ ಮಗಳ ಬಾಣಂತನ ಮಾಡಬೇಕೆಂಬುದು ಅವರ ಆಸೆ. ಬೆಳಕಿಂಡಿಯ ಕೆಳಗೆ ಬರುತ್ತಲೇ ಮೂವರ ಮುಖವೂ ಅರಳಿತು. ಗಾಣಿಗ ಒಂದೊಂದಾಗಿ ವಿಚಾರಿಸಿದ. ಬಾವಿ ಬತ್ತುತ್ತದೆಯೇ, ನೆರೆಯವರು ಹೇಗೆ, ಮಳೆಯಲ್ಲಿ ಮೆಟ್ಟಿಲು ಜಾರುತ್ತದೆಯೇ ಎಂದು ಕೇಳಿದ. ಬೇಸಗೆಯಲ್ಲಿ ಬಾವಿ ಅರ್ಧ ಇಳಿಯುತ್ತದೆ, ಮೆಟ್ಟಿಲು ಜಾರುತ್ತದೆ ಎಂದು ವ್ಯಾಪಾರಿ ಹೇಳಿದ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ. ಆದರೆ ಅವರು ಬಂದಾಗಿನಿಂದ ಅವನ ಕಣ್ಣು ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಗಾಣಿಗ ತಲೆಯೆತ್ತುವಂತೆ ಕಂಡಾಗ ಹಿತ್ತಿಲು ತೋರಿಸುತ್ತೇನೆಂದು ಹೊರಗೆ ಕರೆದುಕೊಂಡು ಹೋದ.

ಮರಳಿ ಬರುವಷ್ಟರಲ್ಲಿ ಬಸುರಿ ಹೆಣ್ಣು ದಣಿದು ಮಂಚದ ಮೇಲೆ ಅವನ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದಳು. ಅವಳು ಮೇಲೆ ನೋಡಿ, ಆ ಬಳೆಗಳು ಯಾತಕ್ಕೆ ಎಂದು ಕೇಳುತ್ತಿದ್ದಳು. ತೊಟ್ಟಿಲಿಗೆ ಎಂದು ತಿಳಿದು ತನ್ನ ತಾಯಿಯನ್ನು ಕರೆದು, ಇಲ್ಲಿಗೇ ಕಟ್ಟೋಣ ಎಂದಳು.

"ಕಟ್ಟು ತಾಯಿ," ಎಂದಳು ವ್ಯಾಪಾರಿಯ ಹೆಂಡತಿ. "ಇಷ್ಟು ವರ್ಷ ನಾನು ಅವನ್ನು ಬರಿದೇ ನೋಡಿದ್ದೇನೆ. ಒಂದು ಕೂಸು ತೂಗಲಿ."

ಹೆಂಡತಿಯ ಮುಖದಲ್ಲಿ ಅಂಥ ಸಂತೋಷವನ್ನು ವ್ಯಾಪಾರಿ ನೋಡಿ ಬಹಳ ದಿನವಾಗಿತ್ತು. ಅವನು ತನಗೆ ತಾನೇ ಹೇಳಿಕೊಂಡಿದ್ದ ಮಾತುಗಳು ಎಷ್ಟೋ ಇದ್ದವು. ತೊಲೆ ಇನ್ನೂ ಹತ್ತು ಮಳೆಗಾಲ ತಡೆದೀತು, ಕೊಂಡವರು ಒಂದು ದಿನ ತಾವೇ ನೋಡಿಕೊಂಡಾರು, ಹಳೆಯ ಮನೆಯೆಂದು ಅವರಿಗೂ ಗೊತ್ತಿಲ್ಲವೇ. ಆ ಯಾವ ಮಾತೂ ಈಗ ಅವನ ನೆರವಿಗೆ ಬರಲಿಲ್ಲ.

"ಅದಕ್ಕೆ ಕಟ್ಟಬೇಡಿ," ಎಂದ. "ಆ ತೊಲೆ ಒಳಗೆ ಟೊಳ್ಳು. ಗೆದ್ದಲು ತಿಂದಿದೆ. ನಾನೇ ಮೇಣ ತುಂಬಿ ಮುಚ್ಚಿದ್ದೇನೆ."

ಯಾರೂ ನಂಬಲಿಲ್ಲ, ತೊಲೆ ಅಷ್ಟು ಹೊಳೆಯುತ್ತಿತ್ತು. ಅವನು ಏಣಿ ತಂದು ಹತ್ತಿ ಚಾಕುವಿನಿಂದ ಮೇಣವನ್ನು ಕೆರೆದ. ಹುಡಿ ಸುರಿದು ಸಾರಿಸಿದ ನೆಲದ ಮೇಲೆ ಗುಪ್ಪೆಯಾಯಿತು. ಬಸುರಿ ಹೆಣ್ಣು ಮೆಲ್ಲಗೆ ಎದ್ದಳು. ತಾನೊಬ್ಬಳೇ ಏಳಲಿಲ್ಲ, ಪಕ್ಕದಲ್ಲಿದ್ದವಳ ಕೈ ಹಿಡಿದು ಅವಳನ್ನೂ ಎಬ್ಬಿಸಿ ಗೋಡೆಯ ಬದಿಗೆ ನಡೆಸಿದಳು. ಗಾಣಿಗ ತೊಲೆಯನ್ನು ನೋಡಿದ, ವ್ಯಾಪಾರಿಯನ್ನು ನೋಡಿದ, ಮನೆಯವರನ್ನು ಕರೆದುಕೊಂಡು ಇಳಿದು ಹೋದ. ದಲ್ಲಾಳಿ ಹೊಸ್ತಿಲಲ್ಲಿ ತಿರುಗಿ ನಿಂತು, ಈ ಸುದ್ದಿ ಹಬ್ಬಿದ ಮೇಲೆ ಇನ್ನು ನಾಯಿಯೂ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಯಾವಾಗಿನಿಂದ ಗೊತ್ತು ಎಂದು ಹೆಂಡತಿ ಕೇಳಿದಳು. ಸುಣ್ಣ ಬಳಿದ ಮಾರನೆಯ ದಿನದಿಂದ ಎಂದ.

"ಅಂದಿನಿಂದ ನಾನು ಅದರ ಕೆಳಗೇ ಕುಳಿತಿದ್ದೆನಲ್ಲ," ಎಂದಳು ಅವಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೊಳ್ಳುವವರು ನೋಡಿಬಿಟ್ಟಾರು ಎಂದು ಹೆದರಿದ್ದನೇ ಹೊರತು, ತನ್ನವಳ ತಲೆ ಅದರ ಕೆಳಗಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಪರರ ಕಣ್ಣಿಗೆ ಹಚ್ಚಿದ ಮೇಣ ತನ್ನ ಕಣ್ಣಿಗೂ ಮೆತ್ತಿಕೊಂಡಿತ್ತು. ಯಾರೋ ಹೊರಗಿನ ಹುಡುಗಿ ಬಂದು ಅವಳ ಕೈ ಹಿಡಿದು ಎಬ್ಬಿಸಬೇಕಾಯಿತು. ಅವನು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎದ್ದು ಮಂಚವನ್ನು ಅಡುಗೆಮನೆಯ ಬದಿಗೆ ಎಳೆದು ಹಾಕಿದ.

ಹೆಂಡತಿ ಅದರ ಮೇಲೆ ಕುಳಿತು, ಮೆಟ್ಟಿಲು ಇಳಿಯದಿದ್ದರೆ ನಾನೇನೂ ಸಾಯುವುದಿಲ್ಲ, ತೊಲೆ ಇಳಿದಿದ್ದರೆ ಸಾಯುತ್ತಿದ್ದೆ ಎಂದಳು. ಅಳುತ್ತಿದ್ದವನಿಗೆ ನಗು ಬಂತು. ಅವಳೂ ನಕ್ಕಳು. ಅಂದು ಅವನಿಗೆ ಅನ್ನ ರುಚಿಸಿತು. ಬಡಿಸಿದ್ದನ್ನೆಲ್ಲ ಉಂಡು ಇನ್ನಷ್ಟು ಕೇಳಿದ. ಮನೆ ಮಾರಾಟವಾಗಿರಲಿಲ್ಲ, ಯುಗಾದಿ ಹತ್ತಿರವಾಗಿತ್ತು. ಆದರೂ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಆ ವಾರ ಕಳೆಯುವ ಮೊದಲೇ ಗಾಣಿಗ ತಿರುಗಿ ಬಂದ. ಜೊತೆಯಲ್ಲಿ ಒಬ್ಬ ಬಡಗಿ ಇದ್ದ. ಬಡಗಿ ಏಣಿ ಹತ್ತಿ ಜಂತೆಗಳನ್ನೆಲ್ಲ ಒಂದೊಂದಾಗಿ ಬಡಿದು ನೋಡಿ, ಕೆಟ್ಟಿರುವುದು ತೊಲೆ ಮಾತ್ರ ಎಂದ. ವ್ಯಾಪಾರಿಗೆ ಏನೂ ಅರ್ಥವಾಗಲಿಲ್ಲ. ದೋಷ ಕಣ್ಣಾರೆ ಕಂಡ ಮೇಲೂ ಯಾಕೆ ಬಂದಿರಿ ಎಂದು ಕೇಳಿದ.

"ಯಜಮಾನರೇ, ಇದಕ್ಕೆ ಮೊದಲೂ ಆಮೇಲೂ ಎಷ್ಟೋ ಮನೆ ನೋಡಿದೆ," ಎಂದ ಗಾಣಿಗ. "ಒಂದರಲ್ಲೂ ಒಂದು ದೋಷ ಕಾಣಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ನಿಮ್ಮ ಮನೆಯಲ್ಲಿ ಎಲ್ಲಿ ಭಯವೆಂದು ನನಗೆ ಗೊತ್ತು. ಉಳಿದ ಕಡೆ ನಿಶ್ಚಿಂತೆಯಿಂದ ಮಲಗಬಹುದು."

ಹೊಸ ತೊಲೆಯ ಖರ್ಚನ್ನು ಬೆಲೆಯಲ್ಲಿ ಕಳೆಯುವುದೆಂದು ಮಾತಾಯಿತು. ಮಾಳಿಗೆಯ ಮಣ್ಣು ಇಳಿಸಿ, ಹಗ್ಗ ಬಿಗಿದು ಹಳೆಯ ತೊಲೆಯನ್ನು ಎತ್ತಿದಾಗ ಅದು ನಡುವೆ ಎರಡಾಗಿ ಮುರಿದು ಬಿತ್ತು. ಬರುವ ಮಳೆಗಾಲವನ್ನೇ ಅದು ಕಾಣುತ್ತಿರಲಿಲ್ಲ ಎಂದು ಬಡಗಿ ಹೇಳಿದ. ಕೆಳಗಿನ ಮನೆಯವನು ಗೊಣಗುತ್ತಲೇ ಯುಗಾದಿಯ ಆಚೆಗೂ ಕಾದ.

ಮನೆ ಬಿಡುವ ದಿನ ಗಾಣದ ಆಳುಗಳು ವ್ಯಾಪಾರಿಯ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೆಟ್ಟಿಲು ಇಳಿಸಿದರು. ಬೀದಿಯ ಬಾಯಿಗೆ ಬಂದಾಗ ಅವಳು ಸಾಕು, ಇಳಿಸಿ ಎಂದಳು. ಸಮನೆಲದ ಮೇಲೆ ಗಂಡನ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಬೀದಿಯವರೆಲ್ಲ ಹೊರಗೆ ಬಂದು ಮಾತಾಡಿಸಿದರು. ತಂಗಿ ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ತಾನಾಗಿ ಹೊಸ್ತಿಲು ದಾಟಿ ಒಳಗೆ ಬಂದು, ಬಿಸಿ ರೊಟ್ಟಿ ಇದೆಯೇನೇ ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯನ ಮುಖ ತಿಳಿಯಾಗಿತ್ತು. ಉತ್ತರ ಸಿಕ್ಕಿತೆಂದು ಅವನಿಗೆ ಹಗುರವೆನಿಸಿತ್ತು. "ತಿಳಿಯಿತು ಗುರುಗಳೇ," ಎಂದ. "ಸುಣ್ಣ ತಪ್ಪಲ್ಲ, ಮೇಣ ತಪ್ಪು." ಕೈಮುಗಿದು ಏಳಹೊರಟ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ನಾಳೆ ಬರುವವರು ಯಾವ ಒಂದು ಮಾತು ಕೇಳದೆ ಹೋದರೆ ಸಾಕು ಎಂದು ನಿನಗನಿಸುತ್ತಿದೆ, ಸಂಗಯ್ಯ?"

ಸಂಗಯ್ಯ ಮತ್ತೆ ಕುಳಿತ.