ಹಗೇವಿನ ಬಾಯಿ ಕಾದ ಕೆಂಚಕ್ಕ

ಹೂಂ ಅಂತಿರ್ಬೇಕು ನೋಡು ಪುಟ್ಟಿ, ನೀನು ಹೂಂ ಅನ್ನೋದು ನಿಂತ್ರೆ ನಾನೂ ನಿಲ್ಲಿಸಿಬಿಡ್ತೀನಿ.

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಕರೇಕಲ್ಲು ಅಂತ ಒಂದು ದುರ್ಗ ಇತ್ತಂತೆ. ಅದಕ್ಕೆ ಸೂರನಾಯಕ ಅಂತ ಒಬ್ಬ ನಾಯಕ. ದುರ್ಗದ ಒಳಗೆ ಮೂರು ದೊಡ್ಡ ದೊಡ್ಡ ಹಗೇವು ಇದ್ವಂತೆ. ಹಗೇವು ಅಂದ್ರೆ ಕಾಳು ತುಂಬಿಡೋಕೆ ನೆಲದಲ್ಲಿ ತೋಡಿದ ಗುಂಡಿ, ಬಾಯಿ ಇಷ್ಟೇ ಇಷ್ಟು, ಹೊಟ್ಟೆ ಮಾತ್ರ ನಮ್ಮ ಈ ಮನೆಯಷ್ಟು. ಸುಗ್ಗೀಲಿ ಸುತ್ತಲ ಊರಿನೋರೆಲ್ಲ ಜೋಳ ತಂದು ಅದಕ್ಕೆ ಸುರೀತಿದ್ರಂತೆ, ಆಮೇಲೆ ಆಷಾಢದಲ್ಲಿ ಮನೆಮನೆ ಮಡಿಕೆ ಖಾಲಿ ಆದಾಗ ಬಾಯಿ ತೆಗೆದು ಎಲ್ಲರಿಗೂ ಹಂಚ್ತಿದ್ರಂತೆ.

ಒಂದು ವರ್ಷ ಏನಾಯ್ತು ಅಂದ್ರೆ, ಕಾಳು ತುಂಬಿಸ್ಕೊಳ್ಳೋಕೆ ಇದ್ದ ಆಳು ನೆರಳಲ್ಲಿ ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಂಡು, ಸುರೀರಿ ಸುರೀರಿ ಅಂದು, ಬಂದದ್ದನ್ನೆಲ್ಲ ಒಳಗೆ ಸುರಿಸಿಬಿಟ್ನಂತೆ. ಹಸಿಯೋ ಒಣಗಿದ್ದೋ ನೋಡಲಿಲ್ಲ, ಹುಳ ಐತೋ ಇಲ್ವೋ ಕೇಳಲಿಲ್ಲ. ಆಷಾಢದಲ್ಲಿ ಬಾಯಿ ತೆಗೆದ್ರೆ ಮುಗ್ಗಲು ವಾಸನೆ ಮೂಗಿಗೆ ಹೊಡೀತಂತೆ. ಇನ್ನೇನು ಮಾಡ್ತಾರೆ ಪಾಪ, ಹಸಿದ ಜನ, ಅದನ್ನೇ ತೊಳ್ಕೊಂಡು ಮುದ್ದೆ ಮಾಡ್ಕೊಂಡು ತಿಂದ್ರಂತೆ. ಊರಿಗೂರೇ ವಾಂತಿ ಮಾಡ್ಕೊಂಡು ಮಲಗ್ತಂತೆ.

ಆ ಊರಲ್ಲಿ ಕಾಳು ಕೇರಿ ಹಸನು ಮಾಡಿಕೊಡೋ ಕೆಂಚಕ್ಕ ಅನ್ನೋಳು ಇದ್ಳಂತೆ. ಅವಳ ಮಗಳು ಸಾಕಿ, ನಿನ್ನಷ್ಟೇ ಇದ್ಳಂತೆ, ಮೂರು ತಿಂಗಳು ಚಾಪೆ ಬಿಟ್ಟು ಎದ್ದಿಲ್ಲ. ತಲೆಗೂದಲೆಲ್ಲ ಉದುರಿ, ಕಾಲು ಕಡ್ಡಿ ಆಗಿಬಿಟ್ಟಿತ್ತಂತೆ. ಹೆದರ್ಬೇಡ, ಬದುಕಿದ್ಳಂತೆ. ಅವಳು ಎದ್ದು ಗೋಡೆ ಹಿಡ್ಕೊಂಡು ನಾಕು ಹೆಜ್ಜೆ ಇಟ್ಟ ದಿನ, ಕೆಂಚಕ್ಕ ಸೆರಗು ಬಿಗಿದು ನೇರ ನಾಯಕನ ಮುಂದೆ ಹೋಗಿ ನಿಂತ್ಳಂತೆ.

ಸ್ವಾಮೀ, ಈ ವರ್ಷ ಹಗೇವಿನ ಬಾಯಿಗೆ ನನ್ನ ಇಡಿ ಅಂದ್ಳಂತೆ.

ನಾಯಕನಿಗೆ ನಗು ಬಂತಂತೆ. ಹೆಂಗಸು, ಗಾಡಿಯೋರ ಜೊತೆ ಏಗ್ತೀಯೇನಮ್ಮಾ ಅಂದ್ನಂತೆ.

ಏಳು ವರ್ಷದೋಳಿದ್ದಾಗಿಂದ ಈ ಕೈ ಕಾಳಲ್ಲೇ ಐತೆ ಸ್ವಾಮಿ. ಏನು ಒಳಗೆ ಹೋಗ್ಬೇಕು, ಏನು ಹೋಗ್ಬಾರ್ದು, ಅದನ್ನ ನಾನು ಹೇಳ್ತೀನಿ. ನಾನು ಬ್ಯಾಡ ಅಂದದ್ದನ್ನ ಯಾರೂ ಸುರೀಬಾರ್ದು, ಅಷ್ಟು ಮಾತು ಕೊಡಿ ಅಂದ್ಳಂತೆ. ನಾಯಕ ಅವಳ ಮುಖ ನೋಡಿದ, ನಗೋದು ಬಿಟ್ಟ, ಸರಿ ಹೋಗು ಅಂದ್ನಂತೆ.

ಆಮೇಲೆ ಕೆಂಚಕ್ಕ ಸುಮ್ನೆ ಕೂರಲಿಲ್ಲ. ಹಗ್ಗ ಕಟ್ಕೊಂಡು ಒಂದೊಂದೇ ಹಗೇವಿಗೆ ಇಳಿದು, ಗೋಡೆಗೆ ಅಂಟಿದ್ದ ಹಳೇ ಕೊಳೆ ಎಲ್ಲ ಕೆರೆದು, ಮೇಲೆ ಬಂದು ಒಳಗೆ ಹುಲ್ಲು ಹಾಕಿ ಬೆಂಕಿ ಕೊಟ್ಟು ತೇವ ಆರಿಸಿ, ಹೊಗೆ ಹೋದಮೇಲೆ ಮತ್ತೆ ಇಳಿದು ಬೂದಿ ಬಳಿದು, ಒಣಹುಲ್ಲು ಬೇವಿನಸೊಪ್ಪು ಹಾಸಿ ಮೇಲೆ ಬಂದ್ಳಂತೆ. ಮುಖ ಎಲ್ಲ ಮಸಿ ಮಸಿ. ಸಾಕಿ ನೋಡಿ, ಅವ್ವಾ ನೀನು ಬೆಕ್ಕಿನ ಥರ ಆಗಿದ್ದೀಯ ಅಂದ್ಳಂತೆ.

ಶಿವರಾತ್ರಿ ಕಳೀತು, ಗಾಡಿಗಳು ಬರೋಕೆ ಶುರುವಾದ್ವಂತೆ.

ಮೊದಲ್ನೇ ಗಾಡಿ ಕೆಳಗಿನ ಊರಿನ ಸಣ್ಣತಿಮ್ಮಂದು. ಚೀಲದ ಬಾಯಿ ಬಿಚ್ಚಿ ತೋರಿಸ್ತಾನೆ, ಮೇಲೆಲ್ಲ ಮುತ್ತು ಮುತ್ತಿನಂಥ ಜೋಳ. ಕೆಂಚಕ್ಕ ಮೇಲಿನದ್ದು ನೋಡ್ಲೇ ಇಲ್ವಂತೆ. ತುದಿ ಓರೆಯಾಗಿ ಕೊಯ್ದ ಒಂದು ಬಿದಿರ ಕೊಳವೆ ಇಟ್ಕೊಂಡಿದ್ಳು, ಅದನ್ನ ಚೀಲದ ತಳಕ್ಕೆ ಕಚಕ್ ಅಂತ ಚುಚ್ಚಿದ್ರೆ ತಳದ ಕಾಳು ಸರಸರ ಅಂಗೈಗೆ ಬಂತಂತೆ. ಒಂದು ಕಾಳು ಹಲ್ಲಲ್ಲಿ ಕಡಿದ್ಳಂತೆ. ಒಣಗಿದ ಜೋಳ ಆದ್ರೆ ಕಟುಕ್ ಅನ್ನಬೇಕು, ಅದು ಮೆತ್ತಗೆ ಚಪ್ಪಟೆ ಆಗೋಯ್ತು. ಚೀಲದೊಳಗೆ ಮೊಣಕೈತನಕ ಕೈ ಇಟ್ಳಂತೆ, ಒಳಗೆ ಬಿಸಿ, ಜ್ವರ ಬಂದೋರ ಹೊಟ್ಟೆ ಮುಟ್ಟಿದ ಹಾಗೆ.

ತಿಮ್ಮಣ್ಣ, ತಳದ್ದು ಹಸಿ ಐತೆ ಅಂದ್ಳಂತೆ.

ಅಯ್ಯೋ, ಎರಡು ಕೊಳಗ ಹಸಿ ಇದ್ರೆ ಇಷ್ಟು ದೊಡ್ಡ ಹಗೇವಿಗೆ ಏನಾಗ್ತದೆ ತಾಯೀ ಅಂದ್ನಂತೆ ಅವನು.

ಹೋದ ವರ್ಷ ಎಲ್ಲರೂ ಹಂಗೇ ಅಂದ್ರು ಕಣಪ್ಪಾ ಅಂದ್ಳಂತೆ ಕೆಂಚಕ್ಕ. ಅವನನ್ನ ಹಂಗೇ ಹಿಂದಕ್ಕೆ ಓಡಿಸಲಿಲ್ಲ ಮತ್ತೆ. ಪಕ್ಕದ ಬಂಡೆ ಗುಡಿಸಿ, ಅವನ ಜೊತೆ ತಾನೂ ಕೈಹಾಕಿ ಅಷ್ಟೂ ಜೋಳ ಹರವಿ, ಮೂರು ಬಿಸಿಲು ಕಾಲಲ್ಲಿ ಎಳೆದಾಡಿ ಒಣಗಿಸಿ, ಕಟುಕ್ ಅಂದಮೇಲೇ, ಒಂದು ಅನ್ನೋ ಬದಲು ಲಾಭ ಅಂತ ಶುರುಮಾಡಿ, ಎರಡು, ಮೂರು ಅಂತ ಕೊಳಗದಲ್ಲಿ ಅಳೆದು ಸುರಿಸ್ಕೊಂಡ್ಳಂತೆ.

ಹೂಂ ಅನ್ನು. ನಿದ್ದೆ ಬಂತಾ? ಇಲ್ವಾ? ಸರಿ.

ಎರಡನೇ ಗಾಡಿ ಯಾರ್ದು ಗೊತ್ತಾ? ಅವಳ ಸ್ವಂತ ಅಣ್ಣ ಮೂಡ್ಲಯ್ಯಂದು. ಬಂದೋನೇ, ತಂಗೀ ಚೆನ್ನಾಗಿದ್ದೀಯಾ ಅಂತ ಸಾಕಿಗೆ ಬೆಲ್ಲ ಕೊಟ್ನಂತೆ. ಕೆಂಚಕ್ಕ ಕೊಳವೆ ಚುಚ್ಚಿದ್ರೆ ಕಾಳಿಗೊಂದು ತೂತು, ತೂತಿಗೊಂದು ಹುಳ. ಹಳೇ ಜೋಳನ ಹೊಸದರ ಜೊತೆ ಬೆರೆಸಿ ತಂದಿದ್ನಂತೆ. ಅವಳು ಅಂಗೈಲಿದ್ದ ಕಾಳನ್ನ ಚೀಲಕ್ಕೇ ವಾಪಸ್ ಸುರಿದ್ಳಂತೆ. ಅಣ್ಣಯ್ಯಾ, ಇದು ಆಗಲ್ಲ ಅಂದ್ಳಂತೆ.

ತವರಿನ ಗಾಡಿ ಹಿಂದಕ್ಕೆ ಕಳಿಸ್ತೀಯೇನೇ, ಗೌರಿಹಬ್ಬಕ್ಕೆ ಯಾವ ಮುಖ ಇಟ್ಕೊಂಡು ಬರ್ತೀಯಾ ಅಂತ ಅಣ್ಣ ಎಲ್ಲರ ಮುಂದೇನೇ ಕೂಗಾಡಿದ್ನಂತೆ. ಕೆಂಚಕ್ಕನ ಕಣ್ಣಲ್ಲಿ ನೀರು ಬಳಬಳ. ಆದ್ರೂ ಹಗೇವಿನ ಬಾಯಿ ಬಿಟ್ಟು ಪಕ್ಕಕ್ಕೆ ಸರೀಲಿಲ್ವಂತೆ. ಒಂದು ಹುಳ ಒಳಗೆ ಹೋದ್ರೆ ಆಷಾಢದೊತ್ತಿಗೆ ಲಕ್ಷ ಆಗ್ತವೆ ಅಣ್ಣಯ್ಯಾ, ಹಳೇದನ್ನ ಬೇರೆ ಮಾಡಿ, ಹೊಸದನ್ನ ಬಿಸಿಲಿಗೆ ಹಾಕಿ, ಜರಡಿ ಹಿಡಿದು ತಗೊಂಡ್ಬಾ, ಮೊದಲು ನಿಂದೇ ಅಳೀತೀನಿ ಅಂದ್ಳಂತೆ. ಅವನು ಎತ್ತಿಗೆ ಬಾರುಕೋಲಲ್ಲಿ ಬಾರಿಸಿ ಗಾಡಿ ತಿರುಗಿಸ್ಕೊಂಡು ಹೋದ್ನಂತೆ. ಐದನೇ ದಿನ ಬಂದ. ಚೀಲ ದಬ್ ಅಂತ ಇಳಿಸ್ದ. ಅವಳು ತಳಕ್ಕೆ ಚುಚ್ಚಿದ್ಳು, ಕಡಿದ್ಳು, ಮೂಸಿದ್ಳು, ಸರಿ ಸುರಿ ಅಂದ್ಳು. ಆಮೇಲೆ, ಉಂಡಿದ್ದೀಯೇನಣ್ಣಾ ಅಂತ ಕೇಳಿದ್ಳಂತೆ. ಅವನು ಇಲ್ಲ ಅಂತ ತಲೆ ಆಡಿಸಿದ್ನಂತೆ. ಇಬ್ರೂ ಅಲ್ಲೇ ಕೂತು ರೊಟ್ಟಿ ತಿಂದ್ರಂತೆ.

ಮೂರನೇದು ಮಾತ್ರ ಭಾರೀ ಗಟ್ಟಿ. ನಾಯಕನ ಸ್ವಂತ ಹೊಲದ್ದು, ಹನ್ನೆರಡು ಗಾಡಿ. ಹೊಲ ನೋಡ್ಕೊಳ್ಳೋ ಪಾರುಪತ್ತೇಗಾರ ಮುಂದೆ ಮುಂದೆ ಬಂದು, ಇದು ನಾಯಕರದ್ದು, ನೋಡೋದೇನಿಲ್ಲ, ಪಡುವಲಲ್ಲಿ ಮೋಡ ಕಟ್ಟೈತೆ, ಬೇಗ ಸುರೀರಿ ಅಂದ್ನಂತೆ. ಕೆಂಚಕ್ಕ ಕಡಿದ್ರೆ ಕಟುಕ್ ಅಂತು. ಮೂಸಿದ್ರೆ ಒಳ್ಳೇ ವಾಸನೆ. ಹುಳ ಇಲ್ಲ. ಆದ್ರೆ ಅಂಗೈ ಮೇಲೆ ಹರವಿದ್ರೆ ಜೋಳದ ನಡುವೆ ಮೆಣಸಿನಕಾಯಿ ಬೀಜದಂಥ ಕಂದು ಬೀಜ, ಒಂದು, ಎರಡು. ಉಮ್ಮತ್ತಿ ಬೀಜ!

ಉಮ್ಮತ್ತಿ ಅಂದ್ರೆ ನಮ್ಮ ತಿಪ್ಪೆ ಹತ್ರ ಬಿಳೀ ಹೂ ಬಿಡ್ತದಲ್ಲ, ಮುಳ್ಳು ಮುಳ್ಳು ಕಾಯಿ, ಮುಟ್ಬೇಡ ಅಂತೀನಲ್ಲ, ಅದೇ. ಪಾರುಪತ್ತೇಗಾರ ಹೊಲದ ಕಳೆನೇ ಕೀಳಿಸಿರಲಿಲ್ಲ, ಜೋಳದ ಜೊತೆ ಅದೂ ಕೊಯ್ಲಾಗಿ ಕಣಕ್ಕೆ ಬಂದುಬಿಟ್ಟಿತ್ತು.

ಕೆಂಚಕ್ಕ ಮುಚ್ಚಳದ ಕಲ್ಲು ಎಳೆದು ಹಗೇವಿನ ಬಾಯಿ ಮುಚ್ಚಿ, ಅದರ ಮೇಲೆ ಕೂತುಬಿಟ್ಳಂತೆ. ಪಾರುಪತ್ತೇಗಾರ ಬೈದ, ಹೆದರಿಸ್ದ, ಕೊನೆಗೆ ಓಡಿಹೋಗಿ ನಾಯಕನ್ನೇ ಕರ್ಕೊಂಡು ಬಂದ್ನಂತೆ. ನಾಯಕನ ಮೀಸೆ ಕುಣೀತಿತ್ತಂತೆ.

ನನ್ನ ಜೋಳಾನೇ ತಡೀತೀಯಾ? ಏಳು ಮೇಲೆ!

ಮಾತು ಕೊಟ್ಟಿದ್ದೀರಿ ಸ್ವಾಮೀ. ಈ ಬೀಜ ರೊಟ್ಟೀಲಿ ಸೇರಿದ್ರೆ ಬಾಯಿ ಒಣಗ್ತದೆ, ಕಣ್ಣು ಮಂಜಾಗ್ತದೆ, ಹುಚ್ಚು ಹಿಡಿದೋರ ಹಂಗೆ ಬಡಬಡಿಸ್ತಾರೆ, ಮಕ್ಕಳಾದ್ರೆ ಉಳಿಯೋದೇ ಕಷ್ಟ. ನನ್ನ ಎತ್ತಿ ಪಕ್ಕಕ್ಕೆ ಹಾಕ್ಬೇಕಾದ್ರೆ ಹಾಕಿಸಿ, ನಾನಾಗಿ ಏಳಲ್ಲ ಅಂದ್ಳಂತೆ.

ಎಲ್ಲೈತೆ ತೋರಿಸು ಅಂತ ನಾಯಕ ತಾನೇ ಜರಡಿ ಕಿತ್ಕೊಂಡು ಕೂತ್ನಂತೆ. ಮೊದಲ್ನೇ ಸಲ ಆಡಿಸ್ದ, ಕೆಳಗೆ ಬರೀ ಧೂಳು. ನೋಡ್ದ್ಯಾ ಅಂದ. ಚೀಲದ ತಳದ್ದು ಹಾಕ್ಕೊಂಡು ಇನ್ನೊಂದು ಸಲ ಸ್ವಾಮೀ ಅಂದ್ಳು. ಎರಡನೇ ಸಲಕ್ಕೆ ನಾಕು ಬೀಜ. ಮೂರನೇ ಸಲಕ್ಕೆ ಒಂದು ಹಿಡಿ ಬಿತ್ತಂತೆ. ನಾಯಕ ಆ ಹಿಡಿ ಬೀಜನ ನೋಡ್ತಾನೇ ಕೂತ. ಅವನ ಮನೇಲೂ ಮೂರು ಮಕ್ಕಳಿದ್ವಲ್ಲ. ಆಮೇಲೆ ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ಕೊಂಡು, ಏ ಪಾರುಪತ್ತೇಗಾರಾ, ನೀನೂ ಒಂದು ಜರಡಿ ತಗೋ ಅಂದ್ನಂತೆ.

ಸುದ್ದಿ ಊರಿಗೆ ಹೋಯ್ತು. ಹೆಂಗಸರೆಲ್ಲ ಮನೆಮನೆ ಜರಡಿ ಎತ್ಕೊಂಡು ಬಂದ್ರು. ಸಣ್ಣತಿಮ್ಮ ಬಂದ, ಮೂಡ್ಲಯ್ಯ ಬಂದ. ಒಂದು ಕಡೆ ಗುಡುಗು ಗುಡುಗ್ತೈತೆ, ಇನ್ನೊಂದು ಕಡೆ ಜರಡಿ ಸರ್ ಸರ್ ಅಂತೈತೆ, ಕೆಂಚಕ್ಕ ಒಂದೊಂದು ಬುಟ್ಟೀನೂ ಮತ್ತೆ ನೋಡಿ ನೋಡಿ ಒಳಗೆ ಬಿಡ್ತಾಳೆ. ಕೊನೇ ಬುಟ್ಟಿ ಸುರಿದು, ಹುಲ್ಲು ತುರುಕಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ ಕೈ ಒರೆಸ್ಕೊಳ್ಳೋದ್ರೊಳಗೆ ಮಳೆ ಸುರೀತಂತೆ. ಒಂದು ಹನಿ ಒಳಗೆ ಹೋಗಲಿಲ್ಲ. ಉಮ್ಮತ್ತಿ ಬೀಜ ನಾಕು ಕೊಳಗ ಆಗಿತ್ತಂತೆ, ಅದನ್ನ ಸುಟ್ಟುಹಾಕಿದ್ರಂತೆ.

ಆಷಾಢ ಬಂತು. ಮಡಿಕೆಗಳು ಖಾಲಿ. ಜನ ಬೆಳಗ್ಗೆನೇ ಬುಟ್ಟಿ ಹಿಡ್ಕೊಂಡು ಬಂದು ನಿಂತ್ರಂತೆ. ಕಲ್ಲು ಸರಿಸಿದ್ರು. ಇಳೀತೀನಿ ಅಂತ ಒಬ್ಬ ಮುಂದೆ ಬಂದ, ಕೆಂಚಕ್ಕ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದು, ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಟ್ಳಂತೆ. ದೀಪ ಪಕ್ಕನೆ ಆರೋಯ್ತು. ನೋಡಿದ್ರಾ, ಒಳಗಿನ ಗಾಳಿ ಕೆಟ್ಟೈತೆ, ಮನುಷ್ಯ ಇಳಿದ್ರೂ ಹಿಂಗೇ ಆರೋಗ್ತಾನೆ, ಯಾರೂ ಇಳೀಬಾರ್ದು ಅಂದ್ಳಂತೆ. ಹಸಿದ ಜನ ಗೊಣಗಿದ್ರು. ಅವಳು ಜಗ್ಗಲಿಲ್ಲ. ಬಾಯಿ ತೆರೆದಿಟ್ಟು ಬೀಸೋ ಗಾಳಿ ಒಳಕ್ಕೆ ತಿರುಗೋ ಹಾಗೆ ಗೋಣಿತಾಟು ಕಟ್ಟಿದ್ಳು. ಬಿಸಿಲೇರಿದ ಮೇಲೆ ಇನ್ನೊಂದು ಸಲ ದೀಪ ಬಿಟ್ಳು, ಮಿಣಮಿಣ ಅಂದು ಅದೂ ಹೋಯ್ತು. ನಾಯಕನೂ ಎಲ್ಲರ ಜೊತೆ ನೆಲದ ಮೇಲೇ ಕೂತಿದ್ನಂತೆ. ಹೊತ್ತು ಇಳಿಯೋವಾಗ ಮೂರನೇ ಸಲ ದೀಪ ಬಿಟ್ರೆ, ಅಲ್ಲಾಡದೆ ನೆಟ್ಟಗೆ ಉರೀತಂತೆ.

ಆಗ ಸೊಂಟಕ್ಕೆ ಹಗ್ಗ ಕಟ್ಕೊಂಡು ಕೆಂಚಕ್ಕನೇ ಮೊದಲು ಇಳಿದ್ಳಂತೆ. ಮೇಲೆ ಹಗ್ಗ ಹಿಡಿದಿದ್ದೋನು ಅಣ್ಣ ಮೂಡ್ಲಯ್ಯ. ಒಳಗಿಂದ ಸದ್ದಿಲ್ಲ. ಜನ ಸುತ್ತ ಬಗ್ಗಿ ಬಗ್ಗಿ ನೋಡ್ತಾವ್ರೆ. ಆಮೇಲೆ ಒಳಗಿಂದ ಬುಟ್ಟಿ ಮೇಲೆ ಬಂತು. ಜೋಳ ನೆಲಕ್ಕೆ ಸುರಿದ್ರೆ ಜಣಜಣ ಅಂತಂತೆ, ನಿನ್ನೆ ಬಡಿದು ತಂದ ಹಾಗೆ ಬೆಳ್ಳಗೆ. ಒಂದು ಮುದುಕಿ ಮಡಿಲು ತುಂಬ ತುಂಬ್ಕೊಂಡು ಅಲ್ಲೇ ಅತ್ತುಬಿಟ್ಳಂತೆ.

ಅವತ್ತು ಸಂಜೆ ಎಲ್ಲರ ಮನೇಲೂ ಬೀಸೋಕಲ್ಲು ಗುರುಗುಟ್ಟಿ, ಮನೆಮನೇಲೂ ಹೊಗೆ ಎದ್ದು, ರೊಟ್ಟಿ ಬಡಿಯೋ ಸದ್ದು ದುರ್ಗ ತುಂಬಿತಂತೆ. ಯಾರಿಗೂ ಹೊಟ್ಟೆ ನೋಯಲಿಲ್ಲ. ನಾಯಕ ಕೆಂಚಕ್ಕನಿಗೆ ಹಗೇವಿನ ಪಕ್ಕದಲ್ಲೇ ಒಂದು ಮನೆ ಕಟ್ಟಿಸಿಕೊಟ್ಟು, ಈ ಬಾಯಿ ಕಾಯೋ ಕೆಲಸ ನೀನಿರೋತನಕ ನಿಂದೇ ಅಂದ್ನಂತೆ. ಅವಳು ಮನೆಗೆ ಹೋಗಿ ಕಾಲು ತೊಳ್ಕೊಂಡು, ಮಗಳ ಜೊತೆ ಬಿಸಿ ರೊಟ್ಟಿ, ಬೆಣ್ಣೆ, ಹುಚ್ಚೆಳ್ಳು ಚಟ್ನಿ ಹೊಟ್ಟೆ ತುಂಬ ತಿಂದು, ಗೋಡೆಗೆ ಒರಗಿದೋಳು ಹಂಗೇ ನಿದ್ದೆ ಹೋದ್ಳಂತೆ.

ಕತೆ ಅವರ ಮನೇಲಿ ಆಯ್ತು, ನಿದ್ದೆ ನಮ್ಮ ಮನೆಗೆ ಬಂತು. ಪುಟ್ಟೀ... ಹೂಂ ಅನ್ನಲ್ವಾ? ಸರಿ, ಮಲಗು ಕಂದಾ.